ಬಿಸಿಯಾದರೆ ಸ್ಪಾರ್ಕ್ ಹೋಗುತ್ತದೆ, ತಣ್ಣಗಾದರೆ ಬರುತ್ತದೆ: ಕಾಯಿಲ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ದುರ್ಗದ_ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 100 ಸಿಸಿಯ ಕಾರ್ಬುರೇಟರ್ ಬೈಕು, ಬಿಎಸ್6 ಬರುವುದಕ್ಕೆ ಮುಂಚಿನದು. ಕೆಲಸಕ್ಕೆ ಚಿತ್ರದುರ್ಗದಿಂದ ದಾವಣಗೆರೆಗೆ ಹೈವೇಯಲ್ಲಿ ಓಡಾಡುತ್ತೇನೆ. ಬೆಳಗ್ಗೆ ಹೋಗುವಾಗ ಏನೂ ತೊಂದರೆ ಇಲ್ಲ. ಮಧ್ಯಾಹ್ನ ವಾಪಸ್ ಬರುವಾಗ ಆನಗೋಡು ದಾಟಿ ಭರಮಸಾಗರದ ಹತ್ತಿರ ಬರುವಷ್ಟರಲ್ಲಿ ಗಾಡಿ ಮುಗ್ಗರಿಸಲು ಶುರು ಮಾಡುತ್ತದೆ, ಆಮೇಲೆ ಪೂರ್ತಿ ಆಫ್. ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ನೆರಳಲ್ಲಿ ನಿಲ್ಲಿಸಿ ಟೀ ಕುಡಿದು ಬಂದರೆ ಆರಾಮಾಗಿ ಸ್ಟಾರ್ಟ್ ಆಗುತ್ತದೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಮೀಟರ್ ಇಟ್ಟು ನೋಡಲೇ ಇಲ್ಲ, ಪ್ಲಗ್ಗಿಗೆ ಸ್ಪಾರ್ಕ್ ಕೊಡುವ ಇಗ್ನಿಷನ್ ಕಾಯಿಲ್ ಹೋಗಿದೆ ಎಂದು ಹೊಸದು ಹಾಕಿದರು. ತೊಂದರೆ ಹಾಗೇ ಇದೆ. ಜೊತೆಗೆ ಈಗ ಬೆಳಗ್ಗೆ ತಣ್ಣಗಿರುವಾಗಲೂ ಮೊದಲಿಗಿಂತ ಜಾಸ್ತಿ ಕಿಕ್ ಬೇಕು. ಹಳೇ ಕಾಯಿಲ್ ಕೇಳಿ ಇಸ್ಕೊಂಡು ಬಂದಿದ್ದೇನೆ. ನನ್ನ ಹತ್ತಿರ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಇದೆ. ಕಾಯಿಲ್ ಸರಿ ಇದೆಯೋ ಇಲ್ಲವೋ ಎಂದು ಇದರಿಂದ ಗೊತ್ತಾಗುತ್ತದಾ? ಅದು ಕೆಲಸ ಮಾಡುವುದಾದರೂ ಹೇಗೆ? ತಿಳಿದವರು ದಯವಿಟ್ಟು ಹೇಳಿ.

ಪಿಬಿರೋಡ್_ಗ್ಯಾರೇಜ್

ತಮ್ಮಾ, ಕಾಯಿಲ್ ವಿಷಯಕ್ಕೆ ಹೋಗುವ ಮುಂಚೆ ಒಂದು ಕೆಲಸ ಮಾಡು. ಮುಂದಿನ ಸಲ ಗಾಡಿ ನಿಂತ ತಕ್ಷಣ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆ. ಮುಚ್ಚಳದ ಗಾಳಿ ತೂತು ಮುಚ್ಚಿಕೊಂಡಿದ್ದರೆ ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಂದಿಯಲ್ಲಿ ಗಾಳಿ ಒಳಗೆ ಹೋಗಿ ಮತ್ತೆ ಸ್ಟಾರ್ಟ್ ಆಗುತ್ತದೆ. ನೋಡುವವರಿಗೆ ಕಾಯಿಲ್ ಬಿಸಿಯಾಗಿ ನಿಂತ ಹಾಗೇ ಕಾಣುತ್ತದೆ. ನಮ್ಮ ಕಡೆ ಬಯಲು ಸೀಮೆಯ ಧೂಳಿಗೆ ಈ ತೂತು ಕಟ್ಟುವುದು ಮಾಮೂಲು.

ಎರಡನೇದು, ವಾಲ್ವ್ ಕ್ಲಿಯರೆನ್ಸ್, ಅಂದರೆ ವಾಲ್ವ್ ತುದಿಯಲ್ಲಿ ಬಿಡುವ ಸಣ್ಣ ಸಂದು. ಟೈಟಾಗಿದ್ದರೆ ಎಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಹೋಗುತ್ತದೆ. ಆಗಲೂ ಇದೇ ಕಥೆ. ಗಾಡಿ ನಿಂತ ಆ ಹೊತ್ತಿನಲ್ಲಿ ಸ್ಪಾರ್ಕ್ ಇದೆಯೋ ಇಲ್ಲವೋ ಅನ್ನುವುದು ಮೊದಲು ಗೊತ್ತಾಗಬೇಕು. ತಣ್ಣಗಾದ ಮೇಲೆ ಗ್ಯಾರೇಜಿಗೆ ತಂದು ತೋರಿಸಿದರೆ ಯಾರಿಗೂ ಏನೂ ಸಿಗುವುದಿಲ್ಲ.

ಐಟಿಐ_ಮೇಷ್ಟ್ರು

ಮೇಲಿನವರು ಹೇಳಿದ್ದು ಸರಿಯಾದ ದಾರಿ. ಕಾಯಿಲ್ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ್ದೀರಿ, ಅದನ್ನು ನಾನು ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ. ಇದು ಗೊತ್ತಿದ್ದರೆ ಮೀಟರ್ ತೋರಿಸುವ ಸಂಖ್ಯೆಗೆ ಅರ್ಥ ಬರುತ್ತದೆ.

ಕಾಯಿಲ್ ಒಳಗೆ ತೆಳು ಕಬ್ಬಿಣದ ತಗಡುಗಳನ್ನು ಜೋಡಿಸಿದ ಒಂದು ಕೋರ್ ಇದೆ. ಅದರ ಮೇಲೆ ಎರಡು ವೈಂಡಿಂಗ್. ಪ್ರೈಮರಿ ಅಂದರೆ ದಪ್ಪ ತಂತಿ, ಕಡಿಮೆ ಸುತ್ತು. ಸೆಕೆಂಡರಿ ಅಂದರೆ 0.1 ಮಿಮೀಗಿಂತ ತೆಳುವಾದ ತಂತಿ, ಸಾವಿರಾರು ಸುತ್ತು. ಸುತ್ತಿನ ಲೆಕ್ಕದಲ್ಲಿ ಸೆಕೆಂಡರಿ ಸುಮಾರು ನೂರು ಪಟ್ಟು. ಪೂರ್ತಿ ಎಪಾಕ್ಸಿ ಹಾಕಿ ಮುಚ್ಚಿರುತ್ತಾರೆ, ಹಾಗಾಗಿ ಬಿಚ್ಚಿ ರಿಪೇರಿ ಮಾಡುವ ಸಾಮಾನಲ್ಲ.

1831ರಲ್ಲಿ ಫ್ಯಾರಡೆ ತೋರಿಸಿದ ಸಂಗತಿಯೇ ಇಲ್ಲಿನ ಮೂಲ. ತಂತಿ ಸುತ್ತಿನ ಒಳಗೆ ಅಯಸ್ಕಾಂತದ ಬಲ ಬದಲಾದಾಗ ಮಾತ್ರ ವೋಲ್ಟೇಜ್ ಹುಟ್ಟುತ್ತದೆ. ಸುಮ್ನೆ ಕರೆಂಟ್ ಹರಿಯುತ್ತಾ ಇದ್ದರೆ ಏನೂ ಹುಟ್ಟುವುದಿಲ್ಲ. ಬದಲಾವಣೆ ಎಷ್ಟು ಬೇಗ ಆಗುತ್ತದೋ ಅಷ್ಟು ಹೆಚ್ಚು ವೋಲ್ಟೇಜ್.

ಹಳೇ ಬುಲೆಟ್, ಯೆಜ್ಡಿಗಳಲ್ಲಿ ಪಾಯಿಂಟ್ ಇತ್ತು, ಅಂದರೆ ಎಂಜಿನ್ ತಿರುಗಿದ ಹಾಗೆ ಮುಚ್ಚಿ ತೆರೆಯುವ ಸ್ವಿಚ್. ಪಾಯಿಂಟ್ ಮುಚ್ಚಿದಾಗ ಬ್ಯಾಟರಿಯ ಕರೆಂಟ್ ಪ್ರೈಮರಿಯಲ್ಲಿ ಹರಿಯುತ್ತದೆ. ಪ್ರೈಮರಿ 3 ಓಮ್ ಇದ್ದರೆ 12 ವೋಲ್ಟಿಗೆ 4 ಆಂಪಿಯರ್. ಕೋರ್ ಅಯಸ್ಕಾಂತ ಆಗುತ್ತದೆ. ಪಿಸ್ಟನ್ ಮೇಲಕ್ಕೆ ಬರುವ ಹೊತ್ತಿಗೆ ಪಾಯಿಂಟ್ ತೆರೆಯುತ್ತದೆ, ಕರೆಂಟ್ ಥಟ್ಟನೆ ನಿಲ್ಲುತ್ತದೆ. ತೋಟದಲ್ಲಿ ನೀರು ಜೋರಾಗಿ ಹರಿಯುವಾಗ ಬೋರ್‌ವೆಲ್ ಪೈಪಿನ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಪೈಪು ಧಡ್ ಎಂದು ಅದುರುತ್ತದೆ ನೋಡಿ, ಹಾಗೆ. ಹರಿಯುವಾಗ ಇಲ್ಲದ ಒತ್ತಡ ನಿಲ್ಲಿಸಿದ ಕ್ಷಣದಲ್ಲಿ ಬರುತ್ತದೆ. ಪ್ರೈಮರಿಯಲ್ಲೇ 200ರಿಂದ 300 ವೋಲ್ಟ್ ಏಳುತ್ತದೆ. ಸೆಕೆಂಡರಿಯಲ್ಲಿ ಅದರ ನೂರು ಪಟ್ಟು ಅಂದರೆ 20,000ದಿಂದ 30,000 ವೋಲ್ಟ್. ಈ ಬ್ಯಾಟರಿ ಇಗ್ನಿಷನ್ನನ್ನು ಚಾರ್ಲ್ಸ್ ಕೆಟರಿಂಗ್ ರೂಪಿಸಿದರು, 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಪಾಯಿಂಟ್ ಬದಲು ಟ್ರಾನ್ಸಿಸ್ಟರ್ ಬಂದರೂ ತತ್ವ ಅದೇ.

ನಿಮ್ಮ ಬೈಕಿನಲ್ಲಿ ಇರುವುದು ಬಹುತೇಕ ಸಿಡಿಐ, ಅಂದರೆ ಕೆಪಾಸಿಟರಿನಲ್ಲಿ ಚಾರ್ಜ್ ಕೂಡಿಟ್ಟು ಸ್ಪಾರ್ಕ್ ಕೊಡುವ ಇಗ್ನಿಷನ್. ಅದರ ದಾರಿ ಬೇರೆ. ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಒಳಗಿನ ಎಕ್ಸೈಟರ್ ಕಾಯಿಲ್ ಒಂದು ಕೆಪಾಸಿಟರಿಗೆ 200ರಿಂದ 300 ವೋಲ್ಟ್ ತುಂಬುತ್ತದೆ. ಕೆಲವು ಗಾಡಿಗಳಲ್ಲಿ ಈ ಕೆಲಸವನ್ನು ಬ್ಯಾಟರಿ ಮತ್ತು ಸಿಡಿಐ ಒಳಗಿನ ಕನ್ವರ್ಟರ್ ಮಾಡುತ್ತವೆ. ಸ್ಪಾರ್ಕ್ ಯಾವಾಗ ಬೇಕು ಎಂದು ತಿಳಿಸುವ ಪಿಕಪ್ ಕಾಯಿಲ್ ಸಿಗ್ನಲ್ ಕೊಟ್ಟಾಗ ಅಷ್ಟೂ ಚಾರ್ಜ್ ಒಂದೇ ಏಟಿಗೆ ಪ್ರೈಮರಿಗೆ ಸುರಿಯುತ್ತದೆ. ಇಲ್ಲಿ ಕರೆಂಟ್ ನಿಲ್ಲಿಸಿ ಸ್ಪಾರ್ಕ್ ಪಡೆಯುವುದಿಲ್ಲ, ಕರೆಂಟ್ ನುಗ್ಗಿಸಿ ಪಡೆಯುತ್ತೇವೆ. ಆದ್ದರಿಂದ ಎರಡರ ಕಾಯಿಲ್ ನೋಡಲು ಒಂದೇ ಥರ ಇದ್ದರೂ ಒಳಗಿನ ವೈಂಡಿಂಗ್ ಬೇರೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹದಡಿರೋಡ್_ವಿದ್ಯಾರ್ಥಿ

ಸರ್, ಒಂದು ಸಂದೇಹ. ಪಾಯಿಂಟ್ ಥರದ್ದೇ ಚೆನ್ನಾಗಿತ್ತಲ್ವಾ? ಅದನ್ನು ಬಿಟ್ಟು ಚಿಕ್ಕ ಗಾಡಿಗಳಿಗೆ ಸಿಡಿಐ ಯಾಕೆ ಬಂತು?

ಐಟಿಐ_ಮೇಷ್ಟ್ರು

ಒಳ್ಳೇ ಪ್ರಶ್ನೆ ತಮ್ಮಾ. ಪಾಯಿಂಟ್ ಥರದ ಕಾಯಿಲ್ ತುಂಬಲು ಸಮಯ ಬೇಕು, ಕೆಲವು ಮಿಲಿಸೆಕೆಂಡ್. ಚಿಕ್ಕ ಎಂಜಿನ್ 8,000 ಆರ್‌ಪಿಎಂ ತಿರುಗುವಾಗ ಒಂದು ಸುತ್ತಿಗೆ ಸಿಗುವುದೇ 7.5 ಮಿಲಿಸೆಕೆಂಡ್. ನಮ್ಮ ಅನೇಕ ನಾಲ್ಕು ಸ್ಟ್ರೋಕ್ ಗಾಡಿಗಳಲ್ಲಿ ಪಿಕಪ್ ಇರುವುದು ಕ್ರ್ಯಾಂಕಿಗೆ ಸೇರಿದ ಮ್ಯಾಗ್ನೆಟ್ ಮೇಲೆ. ಹಾಗಾಗಿ ಪ್ರತಿ ಸುತ್ತಿಗೂ ಸ್ಪಾರ್ಕ್ ಬರುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನಲ್ಲಿ ಬರುವ ಸ್ಪಾರ್ಕ್ ಸುಮ್ನೆ ವ್ಯರ್ಥ. 8,000ದಲ್ಲಿ ಸೆಕೆಂಡಿಗೆ ಸುಮಾರು 133 ಸ್ಪಾರ್ಕ್ ಆಯಿತು.

ಸಿಡಿಐಯಲ್ಲಿ ಶಕ್ತಿ ಕೆಪಾಸಿಟರಿನಲ್ಲಿ ಇರುತ್ತದೆ. 1 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 250 ವೋಲ್ಟ್ ತುಂಬಿದರೆ ಸುಮಾರು 31 ಮಿಲಿಜೌಲ್. ವೇಗ ಹೆಚ್ಚಾದರೂ ಇದು ಅಷ್ಟಾಗಿ ಕುಸಿಯುವುದಿಲ್ಲ. ಮ್ಯಾಗ್ನೆಟ್ಟಿನಿಂದ ತುಂಬುವ ಥರದಲ್ಲಿ ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದು ಹೋಗಬಹುದು. ಸವೆಯುವ ಪಾಯಿಂಟ್ ಇಲ್ಲ. ಆರ್‌ಎಕ್ಸ್100 ಅಷ್ಟು ಸಲೀಸಾಗಿ ಸ್ಟಾರ್ಟ್ ಆಗಲು ಇದೂ ಒಂದು ಕಾರಣ. ಕೊರತೆ ಏನೆಂದರೆ ಸ್ಪಾರ್ಕ್ ಉಳಿಯುವ ಸಮಯ ಬಹಳ ಕಡಿಮೆ. ಪಾಯಿಂಟ್ ಥರದ ಕಾಯಿಲಿನಲ್ಲಿ ಅದು 1 ಮಿಲಿಸೆಕೆಂಡಿನ ಆಸುಪಾಸು ಇರುತ್ತದೆ, ಸಿಡಿಐಯಲ್ಲಿ ಅದರ ಚಿಕ್ಕ ಪಾಲು ಮಾತ್ರ.

ಹರಿಹರ_ವೈಂಡಿಂಗ್

ನಾನು ಮೋಟಾರ್ ವೈಂಡಿಂಗ್ ಕೆಲಸದವನು. ಸವಾರರೇ, ಎರಡೂ ಕಾಯಿಲ್ ಅಳೆದು ಇಲ್ಲಿ ಹಾಕಿ. ಹೀಗೆ ಮಾಡಿ.

ಮೀಟರ್ 200 ಓಮಿಗೆ ಇಟ್ಟು ಮೊದಲು ಎರಡೂ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ. 0.2, 0.3, 0.5 ಹೀಗೆ ಏನೋ ತೋರಿಸುತ್ತದೆ. ಅದು ಮೀಟರ್ ವೈರಿನದೇ ರೆಸಿಸ್ಟೆನ್ಸ್. ಪ್ರೈಮರಿ ಅಳತೆಯಿಂದ ಇದನ್ನು ಕಳೆಯಲೇಬೇಕು, ಯಾಕೆಂದರೆ ಸಿಡಿಐ ಕಾಯಿಲಿನ ಪ್ರೈಮರಿಯೇ 1 ಓಮಿಗಿಂತ ಕಡಿಮೆ ಇರುತ್ತದೆ. ಕಳೆಯದೇ ಹೋದರೆ ಅಳತೆ ಅರ್ಧಕ್ಕರ್ಧ ತಪ್ಪು.

ಸಿಂಗಲ್ ಟರ್ಮಿನಲ್ ಇರುವ ಕಾಯಿಲ್ ಆದರೆ ಒಂದು ಕಡ್ಡಿ ಆ ಟರ್ಮಿನಲ್ಲಿಗೆ, ಇನ್ನೊಂದು ಬೋಲ್ಟ್ ಹಾಕುವ ಕಬ್ಬಿಣದ ಕೋರಿಗೆ. ಅದೇ ಅರ್ತ್. ತುಕ್ಕು ಇದ್ದರೆ ಸ್ಯಾಂಡ್ ಪೇಪರಿನಿಂದ ಉಜ್ಜಿ ಇಡಿ. ಗಾಡಿಯ ಫ್ರೇಮಿನಲ್ಲೂ ಇದೇ ಜಾಗ ನೋಡಿ. ಪೇಂಟ್ ಹೊಡೆಸಿದ ಫ್ರೇಮಿಗೆ ಕಾಯಿಲ್ ಕೂರಿಸಿ ಅರ್ತ್ ಸಿಗದೇ ಒದ್ದಾಡಿದವರನ್ನು ನೋಡಿದ್ದೇನೆ.

ಆಮೇಲೆ ಪ್ಲಗ್ ಕ್ಯಾಪನ್ನು ಎಡಕ್ಕೆ ತಿರುಗಿಸಿ ಬಿಚ್ಚಿ. ಮೀಟರ್ 20 ಕಿಲೋಓಮಿಗೆ ಇಟ್ಟು, ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ಎಚ್‌ಟಿ ವೈರಿನ ತುದಿಯ ತಾಮ್ರಕ್ಕೂ ಕೋರಿಗೂ ಅಳೆಯಿರಿ. ಅದು ಸೆಕೆಂಡರಿ. ಸಾಮಾನ್ಯವಾಗಿ 5ರಿಂದ 15 ಕಿಲೋಓಮ್ ಒಳಗೆ ಬರುತ್ತದೆ. ನಿಮ್ಮ ಮಾಡೆಲ್ಲಿನ ಸರ್ವಿಸ್ ಪುಸ್ತಕದಲ್ಲಿ ಇರುವುದೇ ಕೊನೆಯ ಮಾತು. ಕ್ಯಾಪನ್ನು ಬೇರೆಯಾಗಿ ಅಳೆಯಿರಿ, ಸಾಮಾನ್ಯವಾಗಿ ಅದರೊಳಗೆ 5 ಕಿಲೋಓಮ್ ರೆಸಿಸ್ಟರ್ ಇರುತ್ತದೆ. ರೇಡಿಯೋಗೆ ಗರಗರ ಬಾರದಿರಲಿ ಎಂದು ಇಟ್ಟದ್ದು. ಕ್ಯಾಪ್ ಹೋಗಿದ್ದರೂ ಜನ ಕಾಯಿಲ್ ಬದಲಿಸುತ್ತಾರೆ.

ಅಳೆಯುವಾಗ ಎರಡೂ ಕಡ್ಡಿಗಳ ಲೋಹವನ್ನು ಬೆರಳಿನಿಂದ ಹಿಡಿಯಬೇಡಿ. ಮೈಯ ರೆಸಿಸ್ಟೆನ್ಸ್ ಕೂಡ ಅಳತೆಗೆ ಸೇರಿಕೊಳ್ಳುತ್ತದೆ.

ದುರ್ಗದ_ಸವಾರ

ಧನ್ಯವಾದ ಅಣ್ಣಾ. ಕಡ್ಡಿಗಳನ್ನು ಮುಟ್ಟಿಸಿದಾಗ 0.3. ಅದನ್ನು ಕಳೆದ ಮೇಲಿನ ಅಳತೆ ಇದು. ಹಳೇ ಕಾಯಿಲ್: ಪ್ರೈಮರಿ 0.4 ಓಮ್, ಸೆಕೆಂಡರಿ 7.9 ಕಿಲೋಓಮ್. ಈಗ ಗಾಡಿಯಲ್ಲಿರುವ ಹೊಸ ಕಾಯಿಲ್: ಪ್ರೈಮರಿ 3.1 ಓಮ್, ಸೆಕೆಂಡರಿ 11.2 ಕಿಲೋಓಮ್. ಹಳೇ ಕ್ಯಾಪ್ 5.0. ಮನೆಯೊಳಗೆ 36 ಡಿಗ್ರಿ ಸೆಕೆ ಇತ್ತು. ಎರಡೂ ಸರಿ ಇವೆ ಅಂತಾನಾ?

ಹರಿಹರ_ವೈಂಡಿಂಗ್

ಎರಡರ ತಂತಿಯೂ ತುಂಡಾಗಿಲ್ಲ. ಅಷ್ಟು ಮಾತ್ರ ಗೊತ್ತಾಯಿತು. ಆದರೆ ಹೊಸದರ ಪ್ರೈಮರಿ ನೋಡಿ, 3.1. ಅದು ಪಾಯಿಂಟ್ ಅಥವಾ ಟ್ರಾನ್ಸಿಸ್ಟರ್ ಇಗ್ನಿಷನ್ನಿನ ಕಾಯಿಲ್. ಸಿಡಿಐ ಗಾಡಿಗೆ ಅದನ್ನು ಕೂರಿಸಿದ್ದಾರೆ. ಬೋಲ್ಟಿನ ತೂತು ಸರಿಹೊಂದಿದೆ, ವೈರ್ ಸಿಕ್ಕಿಕೊಂಡಿದೆ, ಅಷ್ಟಕ್ಕೇ ಹಾಕಿಬಿಟ್ಟಿದ್ದಾರೆ. ಸಿಡಿಐ ಒಂದೇ ಏಟಿಗೆ ಸುರಿಯುವ ಚಾರ್ಜ್ ಅಷ್ಟು ಸುತ್ತಿನ ಪ್ರೈಮರಿಯಲ್ಲಿ ನಿಧಾನವಾಗುತ್ತದೆ, ಸ್ಪಾರ್ಕಿನ ಏಟು ಕಡಿಮೆಯಾಗುತ್ತದೆ. ಬೆಳಗ್ಗೆ ಜಾಸ್ತಿ ಕಿಕ್ ಬೇಕಾಗುತ್ತಿರುವುದು ಇದಕ್ಕೇ.

ತಿರುಗಾ ಮುರುಗಾ ಆದರೆ ಇನ್ನೂ ಕೆಟ್ಟದ್ದು. ಪಾಯಿಂಟ್ ಗಾಡಿಗೆ 0.4 ಓಮಿನ ಸಿಡಿಐ ಕಾಯಿಲ್ ಹಾಕಿದರೆ 12 ವೋಲ್ಟಿಗೆ ಲೆಕ್ಕದ ಪ್ರಕಾರ 30 ಆಂಪಿಯರ್. ಪಾಯಿಂಟ್, ವೈರಿಂಗ್, ಟ್ರಾನ್ಸಿಸ್ಟರ್ ಏನಿದ್ದರೂ ಸುಟ್ಟು ಹೋಗುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗುವಾಗ ಮೀಟರ್ ಜೇಬಲ್ಲಿ ಇರಲಿ. ಕೌಂಟರಿನಲ್ಲೇ ಅಳೆದು ತಗೊಳ್ಳಿ, ಬೇಡ ಅನ್ನುವವರು ಯಾರೂ ಇಲ್ಲ.

ಐಟಿಐ_ಮೇಷ್ಟ್ರು

ಸೆಕೆಯ ವಿಷಯ ಬರೆದದ್ದು ಒಳ್ಳೆಯದಾಯಿತು. ಪುಸ್ತಕದಲ್ಲಿ ಕೊಡುವ ಅಳತೆ ಬಹುತೇಕ 20 ಡಿಗ್ರಿಯದು. ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 36 ಡಿಗ್ರಿಯಲ್ಲಿ 7.9 ಬಂದರೆ 20 ಡಿಗ್ರಿಯ ಲೆಕ್ಕಕ್ಕೆ ಅದು 7.4. ಏಪ್ರಿಲ್ ತಿಂಗಳಲ್ಲಿ ನಮ್ಮೂರಿನಲ್ಲಿ ಅಳೆದು, ಪುಸ್ತಕಕ್ಕಿಂತ ಜಾಸ್ತಿ ಬಂತು ಎಂದು ಒಳ್ಳೇ ಕಾಯಿಲ್ ಎಸೆಯುವುದು ಬೇಡ. ಓಡುವ ಗಾಡಿಯಲ್ಲಿ ಕಾಯಿಲ್ 80 ಡಿಗ್ರಿಗೆ ಬಂದರೆ ಇದೇ 7.4 ಎನ್ನುವುದು 9.1 ಆಗುತ್ತದೆ. ಅದು ದೋಷ ಅಲ್ಲ, ತಾಮ್ರದ ಗುಣ.

ಈಗ ಇದರಲ್ಲೇ ದೊಡ್ಡ ಮಾತು ಇದೆ. ಮೀಟರ್ ಓಮ್ ಅಳೆಯುವುದು ತನ್ನ ಒಳಗಿನ ಚಿಕ್ಕ ಬ್ಯಾಟರಿಯಿಂದ. ಒಂದೆರಡು ವೋಲ್ಟ್ ಅಷ್ಟೇ. ಕಾಯಿಲ್ ದುಡಿಯುವುದು 20,000 ವೋಲ್ಟಿನಲ್ಲಿ. ಒಳಗಿನ ಇನ್ಸುಲೇಶನ್ ಸೀಳಿದ್ದರೆ ಎರಡು ವೋಲ್ಟಿಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಸೆಕೆಂಡರಿಯ 15,000 ಸುತ್ತಿನಲ್ಲಿ 300 ಸುತ್ತು ಒಂದಕ್ಕೊಂದು ಶಾರ್ಟ್ ಆದವು ಅನ್ನಿ. ರೆಸಿಸ್ಟೆನ್ಸ್ ಇಳಿಯುವುದು ಶೇಕಡಾ 2ರಷ್ಟು. ಮೀಟರಿನಲ್ಲಿ ಅದು ಕಾಣುವುದೇ ಇಲ್ಲ. ಆದರೆ ಆ 300 ಸುತ್ತು ಮುಚ್ಚಿದ ಬಳೆಯಾಗಿ ಕೋರಿನ ಬಲವನ್ನೆಲ್ಲ ತಿಂದು ಬಿಸಿಯಾಗುತ್ತದೆ, ಸ್ಪಾರ್ಕ್ ಸಾಯುತ್ತದೆ. ಹೀಗಾಗಿ ಓಮ್ ಅಳತೆ ಕೆಟ್ಟಿದೆ ಅಂದರೆ ಕಾಯಿಲ್ ಖಂಡಿತ ಕೆಟ್ಟಿದೆ. ಓಮ್ ಸರಿ ಇದೆ ಅಂದರೆ ಕಾಯಿಲ್ ಸರಿ ಇದೆ ಎಂದು ಹೇಳಲು ಬರುವುದಿಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದೇ ಮಕ್ಕಳು ಪರೀಕ್ಷೆಯಲ್ಲೂ, ಗ್ಯಾರೇಜಿನವರು ಕೆಲಸದಲ್ಲೂ ಎಡವುತ್ತಾರೆ.

ಹರಿಹರ_ವೈಂಡಿಂಗ್

ಶಾರ್ಟ್ ಸುತ್ತು ಹಿಡಿಯಲು ನಮ್ಮ ಕಡೆ ಎಲ್‌ಸಿಆರ್ ಮೀಟರ್ ಬಳಸುತ್ತೇವೆ. ಇಂಡಕ್ಟೆನ್ಸ್ ಅಳೆದರೆ ಒಳ್ಳೇ ಕಾಯಿಲಿಗಿಂತ ತೀರಾ ಕೆಳಗೆ ಬಂದುಬಿಡುತ್ತದೆ. ಅದೇ ಮಾಡೆಲ್ಲಿನ ಒಂದು ಒಳ್ಳೇ ಕಾಯಿಲ್ ಪಕ್ಕದಲ್ಲಿ ಇರಬೇಕು, ಹೋಲಿಸಲು.

ಬಿಸಿಯಾದಾಗ ಮಾತ್ರ ತುಂಡಾಗುವ ತಂತಿ ಇದ್ದರೆ ಹೇರ್ ಡ್ರೈಯರ್ ಸಾಕು. ಮೀಟರ್ ಹಚ್ಚಿಟ್ಟು ಬಿಸಿ ಗಾಳಿ ಬಿಡಿ. ಸಂಖ್ಯೆ ನಿಧಾನಕ್ಕೆ ಏರಿದರೆ ಅದು ತಾಮ್ರದ ಸಹಜ ಏರಿಕೆ. ಇದ್ದಕ್ಕಿದ್ದಂತೆ ಕುಣಿದು ಎಡತುದಿಯಲ್ಲಿ ಒಂಟಿ 1 ಬಂದರೆ ತಂತಿ ಒಳಗೆ ಬಿಟ್ಟುಕೊಂಡಿದೆ. ಬೆಂಕಿಯಲ್ಲಿ, ಒಲೆ ಮೇಲೆ ಇಡಬೇಡಿ, ಎಪಾಕ್ಸಿ ಸೀಳುತ್ತದೆ.

ಪಿಬಿರೋಡ್_ಗ್ಯಾರೇಜ್

ನಮ್ಮ ಗ್ಯಾರೇಜಿನ ಪದ್ಧತಿ ಹೇಳುತ್ತೇನೆ. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದು ನೋಡುವುದು ಎಲ್ಲರಿಗೂ ಗೊತ್ತು. ಅದು ಅರ್ಧ ಪರೀಕ್ಷೆ ಮಾತ್ರ. ಬಯಲಿನ ಗಾಳಿಯಲ್ಲಿ 0.7 ಮಿಮೀ ಗ್ಯಾಪು ಹಾರುವುದಕ್ಕೆ ದುರ್ಬಲ ಕಾಯಿಲಿಗೂ ಕಷ್ಟ ಇಲ್ಲ. ಸಿಲಿಂಡರಿನೊಳಗೆ ಗಾಳಿ ಹತ್ತು ಪಟ್ಟಿನಷ್ಟು ಒತ್ತಿಕೊಂಡಿರುತ್ತದೆ. ಒತ್ತಡ ಏರಿದಷ್ಟೂ ಸ್ಪಾರ್ಕ್ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಹೊರಗೆ ಚೆನ್ನಾಗಿ ಕಂಡ ಸ್ಪಾರ್ಕ್ ಒಳಗೆ ಬಾರದೇ ಇರುವುದು ಇದಕ್ಕೇ.

ಅದಕ್ಕೆ ನಾನು ದೊಡ್ಡ ಗ್ಯಾಪಿನಲ್ಲಿ ನೋಡುತ್ತೇನೆ. ಯಮಹಾದ ಹಲವು ಸರ್ವಿಸ್ ಪುಸ್ತಕಗಳಲ್ಲಿ ಕನಿಷ್ಠ 6 ಮಿಮೀ ಹಾರಬೇಕು ಎಂದಿದೆ. ಅಂಗಡಿಯಲ್ಲಿ ಗ್ಯಾಪ್ ಹೊಂದಿಸುವ ಟೆಸ್ಟರ್ ಸಿಗುತ್ತದೆ. ಇಲ್ಲದಿದ್ದರೆ ಒಣಗಿದ ಮರದ ತುಂಡಿಗೆ ಎರಡು ಸ್ಕ್ರೂ ಎದುರುಬದುರಾಗಿ ಹೊಡೆದು ತುದಿಗಳ ಮಧ್ಯೆ 6 ಮಿಮೀ ಬಿಟ್ಟು, ಒಂದನ್ನು ಎಚ್‌ಟಿ ವೈರಿಗೆ, ಇನ್ನೊಂದನ್ನು ದಪ್ಪ ವೈರಿನಿಂದ ಎಂಜಿನ್ನಿಗೆ ಕಟ್ಟಿದರೂ ನಡೆಯುತ್ತದೆ. ಕಿಕ್ ಹೊಡೆಯುವ ಮುಂಚೆ ಕಟ್ಟಿ ಮುಗಿಸಿರಬೇಕು. ಕೈಯಲ್ಲಿ ಹಿಡಿದುಕೊಂಡು ಕಿಕ್ ಹೊಡೆಯಬಾರದು. ಚಟ್ ಚಟ್ ಎಂದು ಶಬ್ದದ ಜೊತೆಗೆ ನೀಲಿ ಬಿಳಿ ಸ್ಪಾರ್ಕ್ ಬಂದರೆ ಕಾಯಿಲಿಗೆ ಬಲ ಇದೆ.

ಇನ್ನು ಎಚ್ಚರಿಕೆ. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಆ ತೂತಿಗೆ ಬಟ್ಟೆ ತುರುಕಿ, ಸ್ಪಾರ್ಕನ್ನು ದೂರ ಇಡಿ. ಬೇರೆ ಪ್ಲಗ್ ಬಳಸಿದರೆ ಸಿಲಿಂಡರಿನ ಪ್ಲಗ್ ಬಿಚ್ಚುವ ಅಗತ್ಯವೇ ಇಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರ ಬರಲೇಬೇಡಿ. ಮತ್ತೆ, ಎಚ್‌ಟಿ ವೈರನ್ನು ಎಲ್ಲಿಗೂ ತಾಗಿಸದೇ ಗಾಳಿಯಲ್ಲಿ ಬಿಟ್ಟು ಕಿಕ್ ಹೊಡೆಯುವ ಹುಡುಗರಿದ್ದಾರೆ. ಹೊರಗೆ ಹೋಗಲು ದಾರಿ ಸಿಗದ ವೋಲ್ಟೇಜ್ ಕಾಯಿಲಿನ ಒಳಗೇ ದಾರಿ ಮಾಡಿಕೊಳ್ಳುತ್ತದೆ. ಒಮ್ಮೆ ಒಳಗೆ ಕರಿ ಗೆರೆ ಬಿದ್ದರೆ ಮುಗಿಯಿತು, ಆಮೇಲೆ ಪ್ರತಿ ಸಲವೂ ಅದೇ ದಾರಿ.

ಸಂತೇಬೆನ್ನೂರು_ಗದ್ದೆ

ನಮ್ಮ ಕಡೆ ಭದ್ರಾ ನಾಲೆಯ ಗದ್ದೆ ಕೆಲಸ. ಗಾಡಿಗೆ ಕೆಸರು ಮೆತ್ತಿಕೊಳ್ಳುತ್ತದೆ, ಪೈಪಿನಲ್ಲಿ ಜೋರಾಗಿ ನೀರು ಹೊಡೆದು ತೊಳೆಯುತ್ತೇವೆ. ತೊಳೆದ ಮೇಲೆ ಸ್ಟಾರ್ಟ್ ಆಗದಿದ್ದರೆ ಎಚ್‌ಟಿ ವೈರನ್ನು ಕತ್ತಲಲ್ಲಿ ನೋಡಿ. ಸೀಳು ಬಿಟ್ಟ ಕಡೆಯಿಂದ ಎಂಜಿನ್ನಿಗೆ ನೀಲಿ ಬೆಳಕು ಹಾರುವುದು ಕಣ್ಣಿಗೆ ಕಾಣುತ್ತದೆ. ಕ್ಯಾಪಿನೊಳಗೆ ನೀರು ಕೂತಿದ್ದರೂ ಅಷ್ಟೇ. ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಟ್ಟರೆ ಸರಿಹೋಗುತ್ತದೆ. ವೈರಿನ ತುದಿ ಹಸಿರಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಹೊಸ ತಾಮ್ರಕ್ಕೆ ಕ್ಯಾಪ್ ತಿರುಗಿಸಿ. ದುಡ್ಡಿಲ್ಲದ ರಿಪೇರಿ.

ದುರ್ಗದ_ಸವಾರ

ಎಲ್ಲರಿಗೂ ಥ್ಯಾಂಕ್ಸ್. ಹಳೇ ಕಾಯಿಲನ್ನೇ ಮತ್ತೆ ಹಾಕಿದೆ. ಬೆಳಗಿನ ಕಿಕ್ ತೊಂದರೆ ಹೋಯಿತು. ಮರದ ತುಂಡಿನ ಟೆಸ್ಟರ್ ಮಾಡಿಕೊಂಡು ಬ್ಯಾಗಿನಲ್ಲಿ ಇಟ್ಟುಕೊಂಡೆ. ಹೊರಡುವ ಮುಂಚೆ 6 ಮಿಮೀ ಚೆನ್ನಾಗಿ ಹಾರಿತು. ಬಿಸಿಲಲ್ಲಿ ಭರಮಸಾಗರದ ಹತ್ತಿರ ಮತ್ತೆ ನಿಂತಿತು. ಟ್ಯಾಂಕ್ ಮುಚ್ಚಳ ತೆಗೆದರೂ ಬದಲಾವಣೆ ಇಲ್ಲ. ಟೆಸ್ಟರ್ ಕಟ್ಟಿ ಕಿಕ್ ಹೊಡೆದೆ, ಸ್ಪಾರ್ಕ್ ಒಂದು ಚೂರೂ ಇಲ್ಲ. ದುರ್ಬಲ ಅಂತಲ್ಲ, ಪೂರ್ತಿ ಇಲ್ಲ. ಹಾಗಾದರೆ ಕಾಯಿಲೇ ಅಲ್ವಾ?

ಐಟಿಐ_ಮೇಷ್ಟ್ರು

ಅಷ್ಟು ಬೇಗ ಬೇಡ. ಕಾಯಿಲ್ ತಾನಾಗಿ ಏನೂ ಹುಟ್ಟಿಸುವುದಿಲ್ಲ, ಅದಕ್ಕೆ ಯಾರೋ ಕೊಡಬೇಕು. ಎರಡು ಬೇರೆ ಬೇರೆ ಕಾಯಿಲ್ ಹಾಕಿದರೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿದೆ ಅಂದರೆ ದೋಷ ಕಾಯಿಲಿಗಿಂತ ಹಿಂದೆ ಇದೆ. ಇನ್ನೊಂದು ಸುಳಿವು, ಕಾಯಿಲ್ ಇರುವುದು ಟ್ಯಾಂಕಿನ ಕೆಳಗೆ, ಓಡುವಾಗ ಅದಕ್ಕೆ ಗಾಳಿ ಬಡಿಯುತ್ತದೆ. ಪಿಕಪ್ ಮತ್ತು ಎಕ್ಸೈಟರ್ ಕಾಯಿಲ್ ಇರುವುದು ಎಂಜಿನ್ನಿನ ಮ್ಯಾಗ್ನೆಟ್ ಕವರಿನೊಳಗೆ. ಎಲ್ಲಕ್ಕಿಂತ ಜಾಸ್ತಿ ಬೇಯುವುದು ಅಲ್ಲಿ.

ಮ್ಯಾಗ್ನೆಟ್ಟಿನಿಂದ ಬರುವ ವೈರುಗಳ ಕನೆಕ್ಟರ್ ಸಿಡಿಐ ಹತ್ತಿರ ಸಿಗುತ್ತದೆ. ಅದನ್ನು ಬಿಡಿಸಿ ಮ್ಯಾಗ್ನೆಟ್ ಕಡೆಯ ವೈರುಗಳನ್ನು ಅರ್ತಿಗೆ ಇಟ್ಟು ಅಳೆಯಿರಿ. ಯಾವ ಬಣ್ಣ ಯಾವುದು ಎಂದು ನಿಮ್ಮ ಮಾಡೆಲ್ಲಿನ ವೈರಿಂಗ್ ಚಿತ್ರ ನೋಡಿ. ಎರಡೂ ಸಾಮಾನ್ಯವಾಗಿ ನೂರರಿಂದ ಕೆಲವು ನೂರು ಓಮ್ ಒಳಗೆ ಬರುತ್ತವೆ. ಬೆಳಗ್ಗೆ ತಣ್ಣಗಿದ್ದಾಗ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ. ನಿಂತ ಜಾಗದಲ್ಲಿ ಎಂಜಿನ್ ಬಿಸಿ ಇರುವಾಗಲೇ ಮತ್ತೆ ಅಳೆಯಿರಿ.

ಜೊತೆಗೆ ಸ್ವಿಚ್ ವೈರ್. ಮ್ಯಾಗ್ನೆಟ್ಟಿನಿಂದ ನಡೆಯುವ ಸಿಡಿಐಯಲ್ಲಿ ಕೀ ಆಫ್ ಮಾಡಿದರೆ ಒಂದು ವೈರ್ ಅರ್ತ್ ಆಗಿ ಸ್ಪಾರ್ಕ್ ನಿಲ್ಲುತ್ತದೆ. ಆ ವೈರ್ ಎಲ್ಲಾದರೂ ಸವೆದು ಫ್ರೇಮಿಗೆ ತಾಗುತ್ತಿದ್ದರೂ ಇದೇ ಪರಿಣಾಮ. ಸಿಡಿಐ ಹತ್ತಿರ ಅದೊಂದನ್ನು ಬಿಡಿಸಿ ನೋಡಿ. ಸ್ಪಾರ್ಕ್ ಬಂದರೆ ದೋಷ ಸ್ವಿಚ್ಚಿನ ಸಾಲಿನಲ್ಲಿ. ಹಾಗೆ ಬಿಡಿಸಿದಾಗ ಕೀಯಿಂದ ಎಂಜಿನ್ ಆಫ್ ಆಗುವುದಿಲ್ಲ, ಗೇರ್ ಹಾಕಿ ಬ್ರೇಕ್ ಹಿಡಿದು ಕ್ಲಚ್ ನಿಧಾನಕ್ಕೆ ಬಿಟ್ಟು ನಿಲ್ಲಿಸಬೇಕು.

ದುರ್ಗದ_ಸವಾರ

ಸಿಕ್ಕಿತು ಮೇಷ್ಟ್ರೇ! ಬೆಳಗ್ಗೆ ಎಕ್ಸೈಟರ್ 245 ಓಮ್, ಪಿಕಪ್ 118 ಓಮ್ ಇತ್ತು. ಮಧ್ಯಾಹ್ನ ಗಾಡಿ ನಿಂತಾಗ ಮೊದಲು ಸ್ವಿಚ್ ವೈರ್ ಬಿಡಿಸಿದೆ, ಬದಲಾವಣೆ ಇಲ್ಲ. ಎಕ್ಸೈಟರ್ 301. ಪಿಕಪ್ ಅಳೆದರೆ ಎಡತುದಿಯಲ್ಲಿ ಒಂಟಿ 1, ಅಂದರೆ ಪೂರ್ತಿ ತುಂಡು. ರಸ್ತೆ ಬದಿ ಬೇವಿನ ಮರದ ಕೆಳಗೆ ಮೀಟರ್ ಹಚ್ಚಿಕೊಂಡೇ ಕೂತಿದ್ದೆ. ಎಂಜಿನ್ ಆರುತ್ತಾ ಬಂದ ಹಾಗೆ ಒಮ್ಮೆಲೇ 140 ಎಂದು ತೋರಿಸಿತು. ಕನೆಕ್ಟರ್ ಹಾಕಿ ಕಿಕ್ ಹೊಡೆದೆ, ಸ್ಟಾರ್ಟ್.

ದಾವಣಗೆರೆಯಲ್ಲಿ ಹೊಸ ಪಿಕಪ್ ಕಾಯಿಲ್ ಅಳೆದು ತಗೊಂಡು ಹಾಕಿಸಿದೆ. ಅದಾದ ಮೇಲೆ ಇದೇ ಬಿಸಿಲಲ್ಲಿ ಓಡಾಡುತ್ತಿದ್ದೇನೆ, ಎಲ್ಲೂ ನಿಂತಿಲ್ಲ. ಹಳೇ ಎಚ್‌ಟಿ ಕಾಯಿಲೇ ಇದೆ.

ಪಿಬಿರೋಡ್_ಗ್ಯಾರೇಜ್

ಭೇಷ್. ಎಕ್ಸೈಟರ್ 245ರಿಂದ 301ಕ್ಕೆ ಏರಿದ್ದನ್ನೂ ಬರೆದದ್ದು ಒಳ್ಳೆಯದಾಯಿತು. ಹೊಸಬರು ಅದನ್ನೇ ದೋಷ ಎಂದು ಹಿಡಿದು ಪೂರ್ತಿ ಮ್ಯಾಗ್ನೆಟ್ ಪ್ಲೇಟ್ ಬದಲಿಸಿಬಿಡುತ್ತಾರೆ.

ಯೆಜ್ಡಿ_ಕೋಟೆನಾಡು

ಇಲ್ಲೇ ಕೇಳಿಬಿಡುತ್ತೇನೆ. ಅಪ್ಪನ ಕಾಲದ ಯೆಜ್ಡಿ, 6 ವೋಲ್ಟಿನದು. ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿದೆ, ಹಳೇ ಸಾಮಾನು ಸಿಗುವುದು ಕಷ್ಟ. 12 ವೋಲ್ಟಿನ ಕಾಯಿಲ್ ಹಾಕಬಹುದಾ? ಪಾಯಿಂಟ್ ಬೇರೆ ಪದೇ ಪದೇ ಸುಡುತ್ತಿದೆ.

ಐಟಿಐ_ಮೇಷ್ಟ್ರು

12 ವೋಲ್ಟಿನ ಕಾಯಿಲ್ 6 ವೋಲ್ಟಿಗೆ ಹಾಕಿದರೆ ಪ್ರೈಮರಿಯಲ್ಲಿ ಅರ್ಧ ಕರೆಂಟ್ ಹರಿಯುತ್ತದೆ. ಶಕ್ತಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಸ್ಪಾರ್ಕಿನ ಬಲ ಕಾಲು ಭಾಗಕ್ಕೆ ಬರುತ್ತದೆ. ಬೇಡ. 6 ವೋಲ್ಟಿನದೇ ಹುಡುಕಿ.

ಪಾಯಿಂಟ್ ಸುಡುತ್ತಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ ಇರಲಿ. ಪಾಯಿಂಟ್ ತೆರೆಯುವ ಕ್ಷಣದಲ್ಲಿ ಏಳುವ 200, 300 ವೋಲ್ಟ್ ಅಲ್ಲೇ ಕಿಡಿಯಾಗದಂತೆ ಹೀರಿಕೊಳ್ಳುವುದು ಅದರ ಕೆಲಸ. ಅದು ಹೋದರೆ ಪಾಯಿಂಟಿನಲ್ಲಿ ಕಿಡಿ ಜಾಸ್ತಿ, ಪ್ಲಗ್ಗಿನಲ್ಲಿ ಕಡಿಮೆ. ಅಳತೆ ಸಾಮಾನ್ಯವಾಗಿ 0.2 ಮೈಕ್ರೋಫ್ಯಾರಡ್ ಆಸುಪಾಸು. ಇನ್ನು ಕೀ ಆನ್ ಮಾಡಿ ಎಂಜಿನ್ ನಿಲ್ಲಿಸಿ ಬಿಡಬೇಡಿ. ಪಾಯಿಂಟ್ ಮುಚ್ಚಿಕೊಂಡಿದ್ದರೆ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಕಾಯಿಲ್ ಬೇಯುತ್ತದೆ.

ಪ್ಲಸ್ ಮೈನಸ್ ಕೂಡ ನೋಡಿ ಕಟ್ಟಿ. ಪ್ಲಗ್ಗಿನ ಮಧ್ಯದ ಕಡ್ಡಿಗೆ ಮೈನಸ್ ಬರುವ ಹಾಗೆ ಇರಬೇಕು. ಮಧ್ಯದ ಕಡ್ಡಿ ಹೆಚ್ಚು ಬಿಸಿ ಇರುತ್ತದೆ, ಬಿಸಿ ಲೋಹದಿಂದ ಎಲೆಕ್ಟ್ರಾನ್ ಸುಲಭಕ್ಕೆ ಹೊರಡುತ್ತದೆ. ತಿರುಗಿಸಿ ಕಟ್ಟಿದರೂ ಗಾಡಿ ಓಡುತ್ತದೆ, ಆದರೆ ಜಾಸ್ತಿ ವೋಲ್ಟೇಜ್ ಕೇಳುತ್ತದೆ.

ಹದಡಿರೋಡ್_ವಿದ್ಯಾರ್ಥಿ

ನನ್ನ ಪಲ್ಸರ್ ಡಿಟಿಎಸ್‌ಐಗೆ ಎರಡು ಪ್ಲಗ್ ಇವೆ. ಅದರಲ್ಲಿ ಹೇಗೆ ನೋಡುವುದು?

ಪಿಬಿರೋಡ್_ಗ್ಯಾರೇಜ್

ಎರಡು ಪ್ಲಗ್ಗಿಗೆ ಎರಡು ಕಾಯಿಲ್ ಇರುತ್ತವೆ, ಅದು ನಿನಗೆ ಅನುಕೂಲ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹೋಲಿಸು. ಒಂದು ಸತ್ತರೂ ಗಾಡಿ ಓಡುತ್ತದೆ, ಎಳೆತ ಮತ್ತು ಮೈಲೇಜ್ ಕಡಿಮೆಯಾಗುತ್ತದೆ. ಎಷ್ಟೋ ಜನರಿಗೆ ತಿಂಗಳುಗಟ್ಟಲೆ ಗೊತ್ತೇ ಆಗಿರುವುದಿಲ್ಲ. ಅನುಮಾನ ಇದ್ದರೆ ಎರಡು ಕಾಯಿಲನ್ನೂ ಅದಲು ಬದಲು ಮಾಡು. ದೋಷ ಕಾಯಿಲಿನ ಜೊತೆ ಹೋಯಿತಾ, ಅಲ್ಲೇ ಉಳಿಯಿತಾ ನೋಡು.

2020ರ ನಂತರದ ಬಿಎಸ್6 ಇಂಜೆಕ್ಷನ್ ಗಾಡಿಗಳಿಗೆ ಮಾತ್ರ ಒಂದು ಮಾತು. ಸ್ಪಾರ್ಕ್ ಇಲ್ಲದೇ ಸುಮ್ನೆ ಸೆಲ್ಫ್ ಹೊಡೆಯುತ್ತಾ ಇರಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಕೂರುತ್ತದೆ. ಎಂಜಿನ್ ಹತ್ತಿಕೊಂಡಾಗ ಅದು ಅಲ್ಲೇ ಉರಿದು ಕನ್ವರ್ಟರ್ ಹಾಳಾಗುತ್ತದೆ. ಕಾಯಿಲಿಗಿಂತ ಎಷ್ಟೋ ಪಟ್ಟು ಬೆಲೆಯ ಸಾಮಾನು ಅದು.

ಹರಿಹರ_ವೈಂಡಿಂಗ್

ಸವಾರರೇ, ಆ ಹಳೇ ಪಿಕಪ್ ಕಾಯಿಲ್ ಎಸೆಯಬೇಡಿ. ಹರಿಹರದ ಕಡೆ ಬಂದಾಗ ತನ್ನಿ. ತಂತಿ ಸುತ್ತಿನ ಮಧ್ಯೆ ಬಿಟ್ಟಿದೆಯೋ, ಬೆಸುಗೆ ಹಾಕಿದ ತುದಿಯಲ್ಲಿ ಬಿಟ್ಟಿದೆಯೋ ಬಿಚ್ಚಿ ನೋಡೋಣ. ತುದಿಯಲ್ಲಾದರೆ ಮತ್ತೆ ಬೆಸೆದು ನಿಮಗೇ ಕೊಡುತ್ತೇನೆ, ಸ್ಪೇರ್ ಇಟ್ಟುಕೊಳ್ಳಬಹುದು. ಆ 3.1 ಓಮಿನ ಕಾಯಿಲನ್ನೂ ತನ್ನಿ. ಸಿಡಿಐಗೆ ಅದು ಬೇಡ, ಆದರೆ 12 ವೋಲ್ಟಿನ ಪಾಯಿಂಟ್ ಬುಲೆಟ್ ಇಟ್ಟವರೊಬ್ಬರು ನಮ್ಮ ಅಂಗಡಿಗೆ ಬರುತ್ತಾರೆ. ಎಲ್‌ಸಿಆರ್ ಮೀಟರಿನಲ್ಲಿ ಸರಿ ಬಂದರೆ ಅವರಿಗೆ ಹೊಂದುತ್ತದಾ ಎಂದು ನೋಡುತ್ತೇನೆ.